ರುದ್ರಪ್ಪನ ಧ್ವನಿ

ಮೊನ್ನೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದೆ. ಹೊರಗಿನ ಬೆಂಚಿನ ಮೇಲೆ ಐದಾರು ಮಂದಿ ಕೆನ್ನೆ ಹಿಡಿದುಕೊಂಡು ಸಾಲಾಗಿ ಕೂತಿದ್ದೆವು. ಕಾಂಪೌಂಡರು ಪರದೆ ಸರಿಸಿ, "ರುದ್ರಪ್ಪ!" ಎಂದು ಕೂಗಿದ. ನಾನು ಅತ್ತಿತ್ತ ನೋಡಿದೆ. ಬೇರೆ ಯಾರಾದರೂ ರುದ್ರಪ್ಪ ಇರಬಹುದು, ಅವರ ಹಲ್ಲು ನನ್ನದಕ್ಕಿಂತ ಹೆಚ್ಚು ನೋಯುತ್ತಿರಬಹುದು ಎಂದು ಯೋಚಿಸುತ್ತಿರುವಾಗಲೇ, ಪಕ್ಕದಲ್ಲಿದ್ದ ನನ್ನ ಹೆಂಡತಿ ಹೆಣೆಯುತ್ತಿದ್ದ ಸ್ವೆಟರಿನಿಂದ ತಲೆಯೆತ್ತದೆ, "ಇದಾರೆ, ಬರ್ತಾರೆ" ಎಂದಳು. ನಾನು ಎದ್ದು ಒಳಗೆ ಹೋದೆ. ಹಲ್ಲು ಕೀಳಿಸಿಕೊಂಡು ಬಂದೆ. ಅದೇನೂ ಅಷ್ಟು ಕಷ್ಟವಾಗಲಿಲ್ಲ. ಹಲ್ಲು ಕೀಳಿಸಿಕೊಳ್ಳುವುದಕ್ಕೆ ಬಾಯಿ ತೆರೆದರೆ ಸಾಕು, ಮಾತಾಡಬೇಕಾಗಿಲ್ಲ.

ನನ್ನ ಹೆಸರಿಗೆ ಉತ್ತರ ಕೊಡುವ ಕೆಲಸವನ್ನು ಅವಳು ಯಾವಾಗ ವಹಿಸಿಕೊಂಡಳೋ ನೆನಪಿಲ್ಲ. ರೇಷನ್ ಅಂಗಡಿಯಲ್ಲಿ, ಬ್ಯಾಂಕಿನಲ್ಲಿ, ಕೊನೆಗೆ ಟಪಾಲಿನವನು ಬಂದು ಬಾಗಿಲಲ್ಲಿ ಕರೆದರೂ ಅವಳೇ. ಮನೆಗೆ ಬಂದ ಮೇಲೆ ಕೇಳಿದಳು: "ಅಲ್ಲಾ, ನಿಮ್ಮ ಹೆಸರಿಗೆ ನೀವೇ ಓ ಅನ್ನೋಕೆ ಏನ್ ಕಷ್ಟ?" ನನ್ನ ಬಾಯಲ್ಲಿ ಹತ್ತಿ ಇತ್ತು. ಉತ್ತರ ಕೊಡದಿರುವುದಕ್ಕೆ ಅಷ್ಟು ಒಳ್ಳೆಯ ಕಾರಣ ನನಗೆ ಅಪರೂಪಕ್ಕೆ ಸಿಗುತ್ತದೆ. ಹತ್ತಿ ಇದ್ದಷ್ಟು ಹೊತ್ತೂ ಸುಮ್ಮನೆ ಕೂತು ಯೋಚಿಸಿದೆ. ಆಗ ಖಾದರ್ ನೆನಪಾದ.

ಖಾದರನ ವಿಷಯಕ್ಕೆ ಬರುವ ಮೊದಲು ನನ್ನ ವಿಷಯ ಸ್ವಲ್ಪ ಹೇಳಬೇಕು. ಹುಟ್ಟಿದ ಮಗುವಿನ ಮುಖ ನೋಡಿ ರುದ್ರಪ್ಪ ಎಂದು ಹೆಸರಿಟ್ಟವರ ಧೈರ್ಯವನ್ನು ಮೆಚ್ಚಬೇಕು. ಆ ಧೈರ್ಯದಲ್ಲಿ ಒಂದು ಚೂರೂ ನನ್ನ ಪಾಲಿಗೆ ಬರಲಿಲ್ಲ. ನಾನು ಚಿಂತೆಯನ್ನು ಶಿಸ್ತಿನಿಂದ ಮಾಡುವವನು. ಬೆಳಿಗ್ಗೆ ಎದ್ದ ಕೂಡಲೇ ಆ ದಿನಕ್ಕೆ ಏನೇನು ಕೆಡಬಹುದೆಂದು ನೋಡಿಕೊಳ್ಳುತ್ತೇನೆ. ಏನೂ ಕೆಡುವಂತೆ ಕಾಣದಿದ್ದರೆ, ಯಾವುದನ್ನೋ ಮರೆತಿದ್ದೇನೆಂದು ಮಧ್ಯಾಹ್ನದವರೆಗೆ ಹುಡುಕುತ್ತೇನೆ.

ನಮ್ಮದು ಹೊಳಲೂರಿನಲ್ಲಿ ಬೇಸಾಯದ ಮನೆ. ಗದ್ದೆಯಲ್ಲಿದ್ದವರನ್ನು ಮಧ್ಯಾಹ್ನದ ಊಟಕ್ಕೆ ಕರೆಯುವುದು ಮಕ್ಕಳ ಕೆಲಸ. ಬದುವಿನ ಮೇಲೆ ನಿಂತು, ಎರಡು ಕೈಯನ್ನೂ ಬಾಯಿಗೆ ಒಡ್ಡಿ, "ಅಪ್ಪಾ... ಊಟಕ್ಕೇ..." ಎಂದು ಎಳೆದರೆ ಮುಗಿಯಿತು. ಊರಿನಲ್ಲಿ ಮೂಗು ಒರೆಸಿಕೊಳ್ಳಲು ಬಾರದ ಮಕ್ಕಳೂ ಅದನ್ನು ಮಾಡುತ್ತಿದ್ದವು. ನಾನು ಮಾತ್ರ ಬದುವಿನಿಂದ ಇಳಿದು, ಮೊಣಕಾಲವರೆಗೆ ಕೆಸರಿನಲ್ಲಿ ಹೂತುಕೊಂಡು, ಉತ್ತ ಗದ್ದೆಯನ್ನೆಲ್ಲಾ ದಾಟಿ ಹೋಗಿ, ಅಪ್ಪನ ಪಕ್ಕದಲ್ಲಿ ನಿಂತು, "ಅಪ್ಪಾ, ಊಟಕ್ಕೆ" ಎಂದು ಮೆಲ್ಲಗೆ ಹೇಳುತ್ತಿದ್ದೆ.

ಅಪ್ಪ ಒಂದು ಸಲ ನನ್ನ ಕಾಲು ನೋಡಿ, ಎತ್ತಿನ ಕಾಲು ನೋಡಿ, ವ್ಯತ್ಯಾಸ ಕಾಣದೆ ಕೇಳಿದ: "ಇದನ್ನ ಅಲ್ಲಿಂದ್ಲೇ ಹೇಳಿದ್ರೆ ಏನಾಗ್ತಿತ್ತೋ?"

"ಎಲ್ರಿಗೂ ಕೇಳ್ತಿತ್ತು."

"ಕೇಳಿದ್ರೆ?"

ಅಜ್ಜಿ ತನ್ನ ಕೈಲಾದ ವೈದ್ಯ ಮಾಡಿದಳು. ಜೇನುತುಪ್ಪದಲ್ಲಿ ಬಜೆ ತೇದು ದಿನಾ ನಾಲಿಗೆಗೆ ಹಚ್ಚಿದಳು. ನಾಲಿಗೆ ಚುರುಗುಟ್ಟಿತು, ಜೇನುತುಪ್ಪ ರುಚಿಯಾಗಿತ್ತು. ಧ್ವನಿ ಎಲ್ಲಿತ್ತೋ ಅಲ್ಲೇ ಉಳಿಯಿತು.

ಇಂಥವನು ಕಾಲೇಜಿಗೆ ಸೇರಿದೆ. ಶಿವಮೊಗ್ಗೆಯಲ್ಲಿ ಇಂಟರ್‌ಮೀಡಿಯಟ್. ಯುದ್ಧದ ಕಾಲ. ಪೆಟ್ರೋಲಿಲ್ಲದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡಾಡುತ್ತಿದ್ದವು. ಓಡಾಡುತ್ತಿದ್ದವು ಎಂದದ್ದು ಮರ್ಯಾದೆಗೆ. ಹೊಳಲೂರಿನಿಂದ ಹೊರಟ ಬಸ್ಸು ಶಿವಮೊಗ್ಗೆಗೆ ಯಾವಾಗ ತಲುಪುತ್ತದೆಂದು ಡ್ರೈವರಿಗೂ ಗೊತ್ತಿರಲಿಲ್ಲ. ಏರು ಬಂದರೆ ಗಂಡಸರೆಲ್ಲ ಇಳಿದು ನೂಕಬೇಕು. ಹೀಗೆ ನೂಕಿಕೊಂಡು ಹೋದರೆ ವಿದ್ಯೆ ಹತ್ತುವುದಿಲ್ಲ ಎಂದು ಅಪ್ಪ ನನ್ನನ್ನು ಭದ್ರಾವತಿಯ ಚಿಕ್ಕಪ್ಪನ ಮನೆಯಲ್ಲಿ ಬಿಟ್ಟ. ಅಲ್ಲಿಂದ ಬೆಳಿಗ್ಗೆ ರೈಲು, ಸಂಜೆ ರೈಲು.

ಚಿಕ್ಕಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕುಲುಮೆಯ ಹತ್ತಿರ ಕೆಲಸ ಮಾಡುತ್ತಿದ್ದ. ಆರಡಿ ಆಳು. ಕುಲುಮೆಯ ಸದ್ದನ್ನು ಮೀರಿಸಿ ಕೂಗಿ ಕೂಗಿ ಅವನ ಧ್ವನಿಗೆ ಅದೇ ಅಭ್ಯಾಸವಾಗಿತ್ತು. ಅವನು ಮನೆಯಲ್ಲಿ ಉಪ್ಪಿನಕಾಯಿ ಕೇಳಿದರೂ ಪಕ್ಕದ ಮನೆಯ ತಮಿಳು ಮೇಸ್ತ್ರಿ ಬೆಚ್ಚಿ ಎದ್ದು ಕೂರುತ್ತಿದ್ದ. ಚಿಕ್ಕಪ್ಪನ ಹತ್ತಿರ ಒಂದು ಹಿತ್ತಾಳೆಯ ಬಿಲ್ಲೆ ಇತ್ತು. ಅದರ ಮೇಲೆ ಅವನ ನಂಬರು. ಬೆಳಿಗ್ಗೆ ಸೈರನ್ ಆಗುವುದರೊಳಗೆ ಗೇಟಿನ ಪೆಟ್ಟಿಗೆಗೆ ಬಿಲ್ಲೆ ಹಾಕಿದರೆ ಹಾಜರಿ. ಸಂಜೆ ಕಿಟಕಿಯಲ್ಲಿ ವಾಪಸು. ಯಾರೂ ಹೆಸರು ಕರೆಯುವುದಿಲ್ಲ, ಯಾರೂ ಓ ಎನ್ನುವುದಿಲ್ಲ, ಠಣ್ ಎಂದರೆ ಆಯಿತು. ಲೋಕದಲ್ಲಿ ಇಷ್ಟು ನಾಗರಿಕವಾದ ಏರ್ಪಾಡು ಇರುವಾಗ ಕಾಲೇಜಿನವರು ಯಾಕೆ ಬಾಯಿಂದ ಹಾಜರಿ ಕೇಳುತ್ತಾರೋ ಎಂದು ನಾನು ಎಷ್ಟೋ ಬೆಳಿಗ್ಗೆ ರೈಲಿನಲ್ಲಿ ಕೂತು ದುಃಖಪಟ್ಟಿದ್ದೇನೆ.

ಎಲ್ಲ ಲೆಕ್ಚರರುಗಳೂ ಕೇಳುತ್ತಿರಲಿಲ್ಲ ಎನ್ನಿ. ಮಿಕ್ಕವರು ಬೆಂಚು ನೋಡಿ ಗುರುತು ಹಾಕಿಕೊಳ್ಳುತ್ತಿದ್ದರು. ಚರಿತ್ರೆಯ ವೆಂಕಟರಮಣಯ್ಯನವರಿಗೆ ಮಾತ್ರ ಎರಡನೇ ಬೆಂಚಿನಿಂದಾಚೆ ಎಲ್ಲವೂ ಒಂದೇ ಮಂಜು. ಹಾಗಾಗಿ ರಿಜಿಸ್ಟರನ್ನು ಮೂಗಿಗೆ ತಾಗಿಸಿ ಹಿಡಿದು ಒಬ್ಬೊಬ್ಬರದಾಗಿ ಹೆಸರು ಕರೆಯುತ್ತಿದ್ದರು. ನಂಬರು ಕರೆದರೆ ಸಾಲದೇ ಎಂದು ಯಾರೋ ಕೇಳಿದ್ದಕ್ಕೆ, "ನಂಬರು ಕರೆಯೋದು ಜೈಲಿನಲ್ಲಿ. ಇಲ್ಲಿಗೆ ನೀವು ನಿಮ್ಮ ಇಷ್ಟದಿಂದ ಬಂದಿದೀರಿ" ಎಂದರಂತೆ.

ಮೊದಲನೆಯ ದಿನ "ರುದ್ರಪ್ಪ" ಎಂದರು. ನಾನು ಬಾಯಿ ತೆರೆದೆ. ಬಾಯಿ ತೆರೆದದ್ದಷ್ಟೇ. ಇನ್ನೊಂದು ಸಲ "ರುದ್ರಪ್ಪ" ಎಂದರು. ಗಂಟಲಲ್ಲಿ ಏನೋ ಹತ್ತಿ, ಅರ್ಧಕ್ಕೆ ನಿಂತು, ಮತ್ತೆ ಇಳಿದುಹೋಯಿತು. ಆಬ್ಸೆಂಟ್ ಹಾಕಲು ಪೆನ್ನು ರಿಜಿಸ್ಟರಿನ ಮೇಲೆ ಇಳಿಯುವುದರಲ್ಲಿತ್ತು. ಆಗ ನನ್ನ ಬಲಗಡೆಯಿಂದ, ಗರಡಿಮನೆಯ ಉಸ್ತಾದನೊಬ್ಬ ಗದೆ ಕೆಳಗಿಟ್ಟು ಮಾತಾಡಿದ ಹಾಗೆ, "ಪ್ರೆಸೆಂಟ್ ಸಾರ್" ಎಂಬ ಧ್ವನಿ ಬಂತು.

ತಿರುಗಿ ನೋಡಿದರೆ ಅಲ್ಲಿ ಉಸ್ತಾದನಿರಲಿಲ್ಲ. ಕರಿ ಟೋಪಿಯ, ಕಡ್ಡಿಯಂಥ ಹುಡುಗನೊಬ್ಬ ಏನೂ ಆಗದವನ ಹಾಗೆ ಕಿಟಕಿ ನೋಡುತ್ತಿದ್ದ. ಅವನೇ ಖಾದರ್. ಅವನ ತಂದೆಗೆ ಬಜಾರಿನಲ್ಲಿ ಬಟ್ಟೆಯಂಗಡಿ. ಅಂಗಡಿಯ ಮೆಟ್ಟಿಲ ಮೇಲೆ ನಿಂತು, ಹೆಂಗಸರಿಗೆ ಒಂದು ಧ್ವನಿ, ಹಳ್ಳಿಯ ಗೌಡರಿಗೆ ಒಂದು ಧ್ವನಿ, ದುಡ್ಡಿಲ್ಲದೆ ಸುಮ್ಮನೆ ನೋಡುವವರಿಗೆ ಒಂದು ಧ್ವನಿ ಎಂದು ಅವನು ಹತ್ತು ವರ್ಷದವನಿದ್ದಾಗಿನಿಂದ ಕಲಿತಿದ್ದ. ನನಗೆ ಕೊಟ್ಟದ್ದು ಗೌಡರ ಧ್ವನಿಗಿಂತ ಇನ್ನೂ ಒಂದು ತೂಕ ಹೆಚ್ಚಿನದು.

ಪೀರಿಯಡ್ ಮುಗಿದ ಮೇಲೆ, "ಯಾಕೆ ಅಷ್ಟು ದಪ್ಪ ಧ್ವನಿ?" ಎಂದು ಕೇಳಿದೆ. ಥ್ಯಾಂಕ್ಸ್ ಹೇಳುವ ಬದಲು ಇಂಥ ಪ್ರಶ್ನೆಯೇ ನನಗೆ ಹೊಳೆಯುವುದು.

"ರುದ್ರಪ್ಪ ಅಂದ್ರು ಮಾರಾಯ. ಆ ಹೆಸರಿಗೆ ತಕ್ಕ ಹಾಗೆ ಬೇಡ್ವಾ? ನನ್ನ ಸ್ವಂತದ್ದನ್ನ ನನ್ನ ಹೆಸರಿಗೆ ಆಗ್ಲೇ ಖರ್ಚು ಮಾಡಿದ್ದೆ."

"ನಾಳೆಯೂ..."

"ನಾಳೆಗೂ ಹೇಳ್ತೀನಿ ಬಿಡು. ಏನ್ ದೊಡ್ಡದು? ನೀನು ನಿನ್ನ ನೋಟ್ಸ್ ಕೊಡು, ಅಷ್ಟೇ."

ನೋಟ್ಸ್ ವಿಷಯದಲ್ಲಿ ಅವನು ಸರಿಯಾದ ಆಸಾಮಿಯನ್ನೇ ಹಿಡಿದಿದ್ದ. ಯಾವುದು ಪರೀಕ್ಷೆಗೆ ಬರುತ್ತದೋ ಯಾವುದು ಬರುವುದಿಲ್ಲವೋ ಎಂಬ ಭಯದಿಂದ ನಾನು ವೆಂಕಟರಮಣಯ್ಯನವರ ಬಾಯಿಂದ ಬಂದದ್ದೆಲ್ಲವನ್ನೂ ಬರೆದುಕೊಳ್ಳುತ್ತಿದ್ದೆ. ಅವರು ಕೆಮ್ಮಿದ್ದನ್ನು ಮಾತ್ರ ಬಿಟ್ಟಿದ್ದೆ.

ಹೀಗೆ ಒಂದು ಟರ್ಮು ಕಳೆದು ಇನ್ನೊಂದು ಅರ್ಧ ಆಯಿತು. ನಾನು ಒಂದು ದಿನವೂ ತಪ್ಪಿಸಲಿಲ್ಲ. ಜ್ವರ ಬಂದಾಗಲೂ, ಹೋಗದಿದ್ದರೆ ಏನಾಗುತ್ತದೋ ಎಂದು ಹೆದರಿ ಹೋದೆ. ಕ್ಲಾಸಿನಲ್ಲಿ ಕೂತಿರುವವನ ಪರವಾಗಿ ಇನ್ನೊಬ್ಬ ಪ್ರಾಕ್ಸಿ ಹೇಳುವ ಪದ್ಧತಿ ಬೇರೆ ಯಾವ ಕಾಲೇಜಿನಲ್ಲಾದರೂ ಇತ್ತೋ ಇಲ್ಲವೋ ನಾನು ಕಾಣೆ. ಕ್ಲಾಸಿಗೆಲ್ಲ ಈ ಗುಟ್ಟು ಗೊತ್ತು. ಹೊಸದರಲ್ಲಿ ನಕ್ಕರು, ಆಮೇಲೆ ಅಭ್ಯಾಸವಾಯಿತು. ವೆಂಕಟರಮಣಯ್ಯನವರಿಗಂತೂ ರುದ್ರಪ್ಪನ ಮೇಲೆ ಒಂದು ಬಗೆಯ ಅಭಿಮಾನವೇ ಬಂದಿತ್ತು. ಸದ್ದು ಮಾಡುವ ಹಿಂದಿನ ಬೆಂಚಿನವರಿಗೆ, "ಉತ್ತರ ಕೊಟ್ಟರೆ ರುದ್ರಪ್ಪನ ಹಾಗೆ ಕೊಡಬೇಕು. ಗಂಡು ಧ್ವನಿ" ಎಂದು ಒಂದೆರಡು ಸಲ ಬುದ್ಧಿ ಹೇಳಿದ್ದರು. ಆ ಮಾತನ್ನೂ ನಾನು ನೋಟ್ಸಿನಲ್ಲಿ ಬರೆದುಕೊಂಡಿದ್ದೆ.

ಒಂದು ದಿನ ಖಾದರ್ ಹೇಳಿದ: "ಬುಧವಾರ ಇರಲ್ಲ ಮಾರಾಯ. ಅಕ್ಕನ ಮದುವೆ."

"ಮುಂದಕ್ಕೆ ಹಾಕೋಕೆ ಆಗಲ್ವಾ?"

ಅವನು ನನ್ನ ಮುಖವನ್ನೇ ನೋಡಿದ. "ಅಕ್ಕನ ಮದುವೇನ? ನಿನ್ನ ಅಟೆಂಡೆನ್ಸ್‌ಗೋಸ್ಕರ?"

ನಾನು ಕೇಳಿದ್ದು ಅದನ್ನೇ. ಇವತ್ತಿಗೂ ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

"ಒಂದು ದಿನ ಆಬ್ಸೆಂಟ್ ಹಾಕಿದ್ರೆ ಏನ್ ತಲೆ ಹೋಗುತ್ತೋ?" ಎಂದ. ಅದು ಬೇರೆಯವರ ಲೆಕ್ಕ. ಕ್ಲಾಸಿನಲ್ಲಿ ಕೂತಿದ್ದೂ ಆಬ್ಸೆಂಟ್ ಆಗುವುದೆಂದರೆ ನನಗೆ ಬದುಕಿರುವಾಗಲೇ ತಿಥಿ ಮಾಡಿದಂತೆ ಕಾಣಿಸಿತು. ಅಥವಾ ಅವನ ಅಕ್ಕನ ಮದುವೆಯ ವಿಷಯದಲ್ಲಿ ಆಡಿದ ಮಾತಿನ ನಾಚಿಕೆಯೋ. ಅಂತೂ ನಾನೇ ಹೇಳುವುದೆಂದು ನಿಶ್ಚಯ ಮಾಡಿದೆ.

ನಾಲ್ಕು ದಿನ ಸಾಧನೆ ನಡೆಯಿತು. ರೈಲಿನಲ್ಲಿ ಗಾಲಿಯ ಸದ್ದಿಗೆ ಸೇರಿಸಿ ಹೇಳಿಕೊಂಡೆ. ಭದ್ರಾ ಹೊಳೆಯ ದಡದಲ್ಲಿ ಎಮ್ಮೆಗಳ ಎದುರಿಗೆ ಹೇಳಿದೆ. ಬಚ್ಚಲಲ್ಲಿ ಹೇಳಿದಾಗ ಚಿಕ್ಕಮ್ಮ ಬಾಗಿಲು ತಟ್ಟಿದಳು.

"ಏನೋ ರುದ್ರ, ಒಳಗೆ ಯಾರಿದಾರೆ? ಯಾರಿಗೋ ಸಾರ್ ಸಾರ್ ಅಂತಿದೀಯ?"

"ಯಾರೂ ಇಲ್ಲ ಚಿಕ್ಕಮ್ಮ."

"ಮತ್ತೆ ಬೇಗ ಸ್ನಾನ ಮಾಡಿ ಬಾ. ಹಂಡೆಗೆ ಯಾಕೆ ಅಷ್ಟು ಮರ್ಯಾದೆ."

ಬುಧವಾರ ಬಂತು. ಬೆಂಚಿನಲ್ಲಿ ಬಲಗಡೆ ಖಾಲಿ. ಅಬ್ದುಲ್ ಖಾದರ್ ಎಂದಾಗ ಉತ್ತರವಿಲ್ಲ. ಒಂದೊಂದೇ ಹೆಸರು ನನ್ನ ಕಡೆಗೆ ಬರುತ್ತಿತ್ತು. "ರುದ್ರಪ್ಪ" ಎಂದರು. ಉಸಿರೆಳೆದು, ಡೆಸ್ಕಿನ ಅಂಚನ್ನು ಹಿಡಿದುಕೊಂಡು ಹೇಳಿಯೇಬಿಟ್ಟೆ: "ಪ್ರೆಸೆಂಟ್ ಸಾರ್."

ಸಣ್ಣಗೆ, ಹೊಸ ಬಾಗಿಲಿನ ಕೀಲು ಕಿರುಗುಟ್ಟಿದಂತೆ ಬಂತು. ಆದರೂ ಬಂತು. ನನ್ನ ಕಣ್ಣಲ್ಲಿ ನೀರೇ ಬಂತು.

ವೆಂಕಟರಮಣಯ್ಯನವರು ಪೆನ್ನು ಎತ್ತಿ ಹಿಡಿದರು. "ಯಾರದು?"

ಕ್ಲಾಸೆಲ್ಲ ನನ್ನ ಕಡೆ ತಿರುಗಿತು.

"ರುದ್ರಪ್ಪನ ಪರವಾಗಿ ಯಾರಯ್ಯಾ ಹೇಳಿದ್ದು?"

"ನಾನೇ ಸಾರ್" ಎಂದೆ. ಒಂದು ಸಲ ಬಂದ ಧ್ವನಿ ಇನ್ನೊಂದು ಸಲವೂ ಬಂದದ್ದು ನನಗೇ ಆಶ್ಚರ್ಯ.

"ನೀನು ಯಾರು?"

"ರುದ್ರಪ್ಪ ಸಾರ್."

ಕ್ಲಾಸು ಹೋ ಎಂದು ನಕ್ಕಿತು. ಆ ನಗುವಿಗೆ ಅವರ ಕೋಪ ಏರಿತು. "ನನಗೆ ಕಣ್ಣು ಕಾಣಿಸೋದಿಲ್ಲ ಅಂತ ಆಟ ಆಡ್ತೀರಾ? ಕಿವಿ ಕೇಳಿಸುತ್ತೆ. ರುದ್ರಪ್ಪನ ಧ್ವನಿ ನಾನು ಎಷ್ಟು ತಿಂಗಳಿಂದ ಕೇಳ್ತಿದೀನಿ. ಆ ಸಿಂಹ ಎಲ್ಲಿ, ಈ ಇಲಿ ಎಲ್ಲಿ?"

ನೋಡಿ, ಜೀವಮಾನದಲ್ಲಿ ಮೊದಲ ಸಲ ಧೈರ್ಯ ಮಾಡಿ ನಾಲ್ಕು ಜನರ ಮುಂದೆ ಒಂದು ನಿಜ ಹೇಳಿದರೆ ಹೀಗಾಯಿತು. ಇವನೇ ರುದ್ರಪ್ಪ ಎಂದು ಹೇಳಬಲ್ಲವರು ಕ್ಲಾಸಿನಲ್ಲಿ ನಲವತ್ತು ಮಂದಿ ಇದ್ದರು. ಆದರೆ ಹೇಳಿದರೆ ಸಿಂಹ ಯಾರು ಎಂಬ ಪ್ರಶ್ನೆ ಬರುತ್ತಿತ್ತು. ನಲವತ್ತು ಮಂದಿಯೂ ನೆಲ ನೋಡಿದರು.

ಮಾರನೆಯ ದಿನವೇ ಪ್ರಿನ್ಸಿಪಾಲರ ನೋಟೀಸು. ರುದ್ರಪ್ಪ ಎಂಬ ವಿದ್ಯಾರ್ಥಿ ತನ್ನ ಪೋಷಕರೊಡನೆ ಬಂದು ಕಾಣತಕ್ಕದ್ದು. ಅಲ್ಲಿಯವರೆಗೆ ಪರೀಕ್ಷೆಗೆ ಕಳಿಸುವ ಪಟ್ಟಿಯಲ್ಲಿ ಅವನ ಹೆಸರನ್ನು ತಡೆಹಿಡಿಯಲಾಗಿದೆ.

ಖಾದರ್ ಮದುವೆಯ ಊಟದ ಸುಖದಲ್ಲಿ ಬಂದವನು ಅದನ್ನು ಓದಿ ಟೋಪಿ ತೆಗೆದು ಕೈಯಲ್ಲಿ ಹಿಡಿದ. "ನಾನೇ ಹೋಗಿ ಹೇಳಿಬಿಡ್ತೀನಿ ಭಾಯ್. ಹೊಡೆಯೋದೇನಿಲ್ಲವಲ್ಲ."

"ಕಾಲೇಜಿಂದ ತೆಗೆದರೆ?"

"ತೆಗೆದರೆ ಅಂಗಡಿ ಇದೆ. ಅಬ್ಬಾ ಮೊದಲಿಂದ್ಲೂ ಅದೇ ಅಂತಿದಾರೆ, ಓದಿದ್ದು ಸಾಕು, ಬಟ್ಟೆ ಅಳೆಯೋ ಗಜಕಡ್ಡಿ ಹಿಡಿ ಅಂತ." ನಗುತ್ತಲೇ ಹೇಳಿದ. ಆದರೆ ಟೋಪಿಯನ್ನು ತಿರುಗಿಸುತ್ತಲೇ ಇದ್ದ.

ಅವನಿಗೆ ಓದಬೇಕೆಂಬ ಆಸೆ ಎಷ್ಟಿತ್ತೆಂದು ನನಗೆ ಗೊತ್ತಿತ್ತು. ಭಾನುವಾರ ಅಂಗಡಿಯ ಬಟ್ಟೆಯ ಥಾನುಗಳ ಹಿಂದೆ ಕೂತು ನನ್ನ ನೋಟ್ಸನ್ನು, ಅದರಲ್ಲಿದ್ದ ಲೆಕ್ಚರರ ಕಾಫಿ ತಿಂಡಿಯ ಮಾತನ್ನೂ ಬಿಡದೆ, ನಕಲು ಮಾಡಿಕೊಳ್ಳುತ್ತಿದ್ದವನು ಅವನು. "ನೀನು ಬಾಯಿ ಬಿಡಬೇಡ" ಎಂದೆ. ಬಾಯಿ ಬಿಡಬೇಡ ಎಂದು ಇನ್ನೊಬ್ಬರಿಗೆ ನಾನು ಹೇಳಿದ್ದು ಅದೊಂದೇ ಸಲ.

ಚಿಕ್ಕಪ್ಪನಿಗೆ ಪ್ರಾಕ್ಸಿ ಎಂದರೇನೆಂದು ತಿಳಿಸುವುದು ಕಷ್ಟವಾಗಲಿಲ್ಲ. ಅರ್ಧ ಹೇಳುವುದರೊಳಗೆ ಅವನು ತಟ್ಟೆಯಿಂದ ಕೈ ತೆಗೆದ.

"ಬೇರೆಯವನ ಬಿಲ್ಲೆ ಹಾಕಿದ್ಯೇನೋ?"

"ನಾನು ಹಾಕಿಲ್ಲ. ನನ್ನ ಬಿಲ್ಲೇನ ಇನ್ನೊಬ್ಬ ಹಾಕಿದಾನೆ."

"ನೀನೆಲ್ಲಿಗೆ ಹೋಗಿದ್ದೆ?"

"ಅಲ್ಲೇ ಪಕ್ಕದಲ್ಲಿ ಕೂತಿದ್ದೆ."

ಇಪ್ಪತ್ತು ವರ್ಷದ ಸರ್ವಿಸಿನಲ್ಲಿ ಇಂಥ ಕೇಸು ಚಿಕ್ಕಪ್ಪ ಕಂಡಿರಲಿಲ್ಲ. "ನಮ್ಮಲ್ಲಿ ಆಗಿದ್ರೆ ಹಾಕಿದವನೂ ಗೇಟಿಂದ ಆಚೆ, ಹಾಕಿಸಿಕೊಂಡವನೂ ಆಚೆ" ಎಂದ. ಚಿಕ್ಕಮ್ಮ ಸೆರಗನ್ನು ಬಾಯಿಗೆ ಹಿಡಿದಳು. "ಇರ್ಲಿ, ನಾನ್ ಬರ್ತೀನಿ. ನಾನ್ ಮಾತಾಡ್ತೀನಿ ಪ್ರಿನ್ಸಿಪಾಲ್ರ ಹತ್ರ" ಎಂದು ಅವನು ಕೂಗಿದಾಗ ನನಗೂ, ಪಕ್ಕದ ಮನೆಯ ಮೇಸ್ತ್ರಿಗೂ ಸಮಾಧಾನವಾಯಿತು. ಅಂಥ ಧ್ವನಿ ಜೊತೆಗಿದ್ದರೆ ನಾನು ಮಾತಾಡುವ ಪ್ರಸಂಗವೇ ಬರಲಾರದು.

ಮರುದಿನ ರಜೆ ಹಾಕಿ, ಮದುವೆಯ ಕೋಟು ತೊಟ್ಟು, ರುಮಾಲು ಸುತ್ತಿ ಹೊರಟ. ಆ ಕೋಟು ಅವನ ಮದುವೆಯದು. ಅವನು ಆಮೇಲೆ ಕುಲುಮೆಯ ಕೆಲಸ ಮಾಡಿ ದಪ್ಪನಾದವನು. ರೈಲಿನಲ್ಲಿ ಕೈ ಎತ್ತಲಾಗದೆ ನೆಟ್ಟಗೆ ಕೂತಿದ್ದ. ಭದ್ರಾವತಿಯ ಸ್ಟೇಷನ್ನಿನಲ್ಲಿ ಅವನ ಮಾತು ಜೋರಾಗಿತ್ತು. ದಾರಿಯಲ್ಲಿ ಕಡಿಮೆಯಾಗುತ್ತಾ ಬಂತು. ಶಿವಮೊಗ್ಗೆಯಲ್ಲಿ ಇಳಿಯುವ ಹೊತ್ತಿಗೆ ನಿಂತೇ ಹೋಗಿತ್ತು. ಕಾಲೇಜಿನ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟ. ನಾನು ಬೇಡವೆಂದರೂ ಕೇಳಲಿಲ್ಲ.

ಪ್ರಿನ್ಸಿಪಾಲರ ಕೋಣೆಯಲ್ಲಿ ವೆಂಕಟರಮಣಯ್ಯನವರೂ ಕೂತಿದ್ದರು. ಪ್ರಿನ್ಸಿಪಾಲರು ಸೂಟು, ಟೈ, ಚಿನ್ನದ ಕಟ್ಟಿನ ಕನ್ನಡಕದವರು. ನನ್ನ ಚಿಕ್ಕಪ್ಪನನ್ನು ನೋಡಿ, "ತಾವು?" ಎಂದರು.

ಚಿಕ್ಕಪ್ಪ ಬಾಯಿ ತೆರೆದ. ಬಾಯಿ ತೆರೆದದ್ದಷ್ಟೇ. ಆ ತೆರೆದ ಬಾಯನ್ನು ನೋಡಿದ ಕೂಡಲೇ ನನಗೆ ಗುರುತು ಸಿಕ್ಕಿತು. ಕರಗಿದ ಕಬ್ಬಿಣ ಹೊಳೆಯ ಹಾಗೆ ಹರಿಯುವಾಗ ಪಕ್ಕದಲ್ಲಿ ನಿಂತು ಗುಡುಗುವವನು, ಒಂದು ಮೇಜು ಮತ್ತು ಒಂದು ಟೈ ನೋಡಿ ನನ್ನ ಹಾಗೆಯೇ ಆಗಿದ್ದ. ಇಷ್ಟು ದಿನ ಈ ರೋಗ ನನ್ನೊಬ್ಬನದು ಎಂದುಕೊಂಡಿದ್ದೆ. ಅದು ಮನೆತನದ್ದು.

ಚಿಕ್ಕಪ್ಪ ಬಿಗಿದ ಕೋಟಿನೊಳಗೆ ಕಷ್ಟಪಟ್ಟು ಕೈ ಹಾಕಿ, ಜೇಬಿನಿಂದ ಹಿತ್ತಾಳೆಯ ಬಿಲ್ಲೆ ತೆಗೆದು, ಮೇಜಿನ ಮೇಲೆ ಇಟ್ಟ. ಠಣ್ ಎಂದಿತು.

ಪ್ರಿನ್ಸಿಪಾಲರು ಅದನ್ನು ಎತ್ತಿಕೊಂಡು ಹಿಂದುಮುಂದು ನೋಡಿದರು. "ಇದೇನು?"

ಚಿಕ್ಕಪ್ಪ ನನ್ನನ್ನು ನೋಡಿದ. ಆ ಕಣ್ಣಿನಲ್ಲಿದ್ದ ಗಾಬರಿಯನ್ನು ನೋಡಿ ನನಗೆ ಏನೋ ಆಯಿತು. ನಮ್ಮಿಬ್ಬರಲ್ಲಿ ಒಬ್ಬರು ಮಾತಾಡಲೇಬೇಕಿತ್ತು, ಅವನಿಂದ ಆಗುವುದಿಲ್ಲ.

"ನಮ್ಮ ಚಿಕ್ಕಪ್ಪ ಸಾರ್. ಭದ್ರಾವತಿ ಕಾರ್ಖಾನೇಲಿ ಇದಾರೆ. ಅವರು... ಹಾಜರಿದಾರೆ ಅಂತ ತಿಳಿಸ್ತಿದಾರೆ ಸಾರ್" ಎಂದೆ. ಅದೇ ಇಲಿಯ ಧ್ವನಿ. ಆದರೆ ಇಲಿ ಒಂದು ಪೂರ್ತಿ ವಾಕ್ಯ ಹೇಳಿತ್ತು.

ಪ್ರಿನ್ಸಿಪಾಲರು ಬಿಲ್ಲೆಯನ್ನು ಎರಡು ಕೈಯಿಂದ ಚಿಕ್ಕಪ್ಪನಿಗೆ ಹಿಂತಿರುಗಿಸಿ, "ಕೂತ್ಕೊಳ್ಳಿ" ಎಂದರು. ಚಿಕ್ಕಪ್ಪ ಕೂರಲಿಲ್ಲ. ಕೋಟು ಬಿಡುತ್ತಿರಲಿಲ್ಲ.

ವೆಂಕಟರಮಣಯ್ಯನವರು ಮುಂದಕ್ಕೆ ಬಗ್ಗಿದರು. "ಸರಿ, ಇವನೇ ರುದ್ರಪ್ಪ ಅನ್ನೋಣ. ಹಾಗಾದ್ರೆ ಇಷ್ಟು ದಿನ ಉತ್ತರ ಕೊಟ್ಟಿದ್ದು ಇವನಲ್ಲ. ಅಂದ್ರೆ ಇವನು ಕ್ಲಾಸಿಗೆ ಬಂದೇ ಇಲ್ಲ."

ನಾನು ನೋಟ್ಸಿನ ಪುಸ್ತಕವನ್ನು ಮೇಜಿನ ಮೇಲಿಟ್ಟೆ. "ಅದನ್ನ ಯಾರದಾದ್ರೂ ನೋಡಿ ಬರ್ಕೋಬಹುದು" ಎಂದರು ಅವರು. ಪ್ರಿನ್ಸಿಪಾಲರು ಹಾಳೆ ತಿರುವುತ್ತಾ ಹೋದರು. ಒಂದು ಕಡೆ ನಿಂತರು. ಕನ್ನಡಕ ಸರಿಮಾಡಿಕೊಂಡು ಗಟ್ಟಿಯಾಗಿ ಓದಿದರು:

"'ಇಲ್ಲಿ ಸಾರ್ ಅವರು ತಮ್ಮ ಮಾವನವರ ಮನೆಯ ಕಾಫಿಯ ವಿಷಯ ಹೇಳಿದರು. ಕಾಫಿಬೀಜಕ್ಕೆ ಹುರುಳಿಕಾಳು ಹುರಿದು ಸೇರಿಸುತ್ತಾರಂತೆ.' ಇದು ಪರ್ಮನೆಂಟ್ ಸೆಟ್ಲ್‌ಮೆಂಟಿನ ಪಾಠದ ಕೆಳಗಿದೆಯಲ್ಲ, ವೆಂಕಟರಮಣಯ್ಯನವರೇ?"

ವೆಂಕಟರಮಣಯ್ಯನವರು ಕುರ್ಚಿಯಲ್ಲಿ ಸರಿದು ಕೂತರು.

"'ಇಲ್ಲಿ ಸಾರ್ ಸ್ವಲ್ಪ ಹೊತ್ತು ಕಣ್ಣು ಮುಚ್ಚಿದರು. ಪ್ಲಾಸಿ ಕದನ ಹಾಗೇ ನಿಂತಿತ್ತು.'"

"ಸಾಕು ಸಾಕು" ಎಂದರು ವೆಂಕಟರಮಣಯ್ಯನವರು. ಕಿವಿಯ ತುದಿ ಕೆಂಪಾಗಿತ್ತು. "ಇವನು ಕ್ಲಾಸಿನಲ್ಲಿ ಇದ್ದ. ಒಪ್ಪಿದೆ. ಆದ್ರೆ ಆ ಧ್ವನಿ? ಅದು ಯಾರದು?"

ಪ್ರಿನ್ಸಿಪಾಲರು ಪುಸ್ತಕ ಮುಚ್ಚಿದರು. ನಗು ಹೋಗಿತ್ತು. "ಅದು ಮುಖ್ಯ. ಹೆಸರು ಹೇಳಿ ನೀನು ಹೋಗು. ಹೇಳೋದಿಲ್ಲ ಅಂದ್ರೆ ಪಟ್ಟಿ ನಿನ್ನ ಹೆಸರಿಲ್ಲದೆ ಹೋಗುತ್ತೆ."

ಕಿಟಕಿಯ ಹೊರಗೆ ಕರಿ ಟೋಪಿಯ ತುದಿ ಕಾಣುತ್ತಿತ್ತು. ಅವಿತುಕೊಂಡಿದ್ದೇನೆಂದು ಖಾದರ್ ತಿಳಿದಿದ್ದ. ಚಿಕ್ಕಪ್ಪ ನನ್ನ ಬೆನ್ನಿಗೆ ಬೆರಳಿನಿಂದ ತಿವಿದು, ನನಗೊಬ್ಬನಿಗೇ ಕೇಳುವಂಥ ಪಿಸುಮಾತಿನಲ್ಲಿ, ಅಂದರೆ ಕೋಣೆಗೆಲ್ಲ ಕೇಳುವಂತೆ, "ಹೇಳಿಬಿಡೋ" ಎಂದ.

ಪರೀಕ್ಷೆಯಿಲ್ಲದೆ ಊರಿಗೆ ಹೋಗಿ ಅಪ್ಪನ ಮುಂದೆ ನಿಲ್ಲುವುದನ್ನು ನೆನೆದೆ. ಗಜಕಡ್ಡಿ ಹಿಡಿದ ಖಾದರನನ್ನು ನೆನೆದೆ. ಚಿಂತೆ ಮಾಡುವವನಿಗೆ ಒಂದು ಅನುಕೂಲವೆಂದರೆ, ಎರಡು ಕಡೆಯ ಕಷ್ಟವೂ ಕಣ್ಣಿಗೆ ಕಟ್ಟಿದಂತೆ ಕಾಣುತ್ತದೆ.

"ನನ್ನದೇ ಸಾರ್" ಎಂದೆ.

"ಏನು?"

"ಆ ಧ್ವನೀನೂ ನನ್ನದೇ ಸಾರ್. ಹೆದರಿಕೆ ಇಲ್ಲದಾಗ ಹಾಗೆ ಬರುತ್ತೆ. ಹೆದರಿಕೆ ಆದಾಗ ಹೀಗೆ."

ಪ್ರಿನ್ಸಿಪಾಲರು ಕುರ್ಚಿಗೆ ಒರಗಿದರು. "ಹಾಗೋ? ಎಲ್ಲಿ, ಹೆದರಿಕೆ ಬಿಟ್ಟು ಒಂದು ಸಲ ಹೇಳು."

ಇನ್ನು ಹಿಂದೆ ಹೋಗುವ ದಾರಿ ಇರಲಿಲ್ಲ. ಕಣ್ಣು ಮುಚ್ಚಿದೆ. ಇದ್ದಬದ್ದ ಉಸಿರನ್ನೆಲ್ಲಾ ಒಟ್ಟು ಮಾಡಿ, ಬದುವಿನ ಮೇಲೆ ನಿಂತು ಕೂಗಬೇಕಾಗಿದ್ದ ಅಷ್ಟೂ ವರ್ಷಗಳ ಕೂಗನ್ನು ಒಂದೇ ಸಲ ಕೂಗಿದೆ: "ಪ್ರೆಸೆಂಟ್ ಸಾರ್!"

ಪಕ್ಕದ ಕೋಣೆಯಲ್ಲಿ ಟೈಪ್‌ರೈಟರು ನಿಂತಿತು. ಜವಾನ ಬಾಗಿಲು ನೂಕಿಕೊಂಡು ಓಡಿಬಂದ. ಸೂರಿನ ಪಾರಿವಾಳಗಳು ಎದ್ದವು. ಕಿಟಕಿಯಲ್ಲಿ ಟೋಪಿ ಮಾಯವಾಯಿತು. ಚಿಕ್ಕಪ್ಪ, ಆ ಕುಲುಮೆಯ ಚಿಕ್ಕಪ್ಪ, ಎರಡು ಹೆಜ್ಜೆ ಹಿಂದಕ್ಕೆ ಇಟ್ಟ, ಕೋಟು ಎಲ್ಲೋ ಒಂದು ಕಡೆ ಪರ್ ಎಂದಿತು.

ವೆಂಕಟರಮಣಯ್ಯನವರು ಕಣ್ಣು ಮುಚ್ಚಿ, ಸಂಗೀತ ಕಚೇರಿ ಕೇಳುವವರ ಹಾಗೆ ತಲೆ ಓರೆ ಮಾಡಿ ಕೂತಿದ್ದರು. ಆಮೇಲೆ ತಲೆಯಾಡಿಸಿದರು. "ಇದಲ್ಲ."

"ಅಲ್ವೆ?" ಎಂದರು ಪ್ರಿನ್ಸಿಪಾಲರು.

"ಆವತ್ತಿನದೂ ಅಲ್ಲ, ದಿನಾ ಬರ್ತಿದ್ದದ್ದೂ ಅಲ್ಲ. ಇದು ಮೂರನೇದು."

ಪ್ರಿನ್ಸಿಪಾಲರು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡರು. ಬಹಳ ಹೊತ್ತು ಒರೆಸಿಕೊಂಡರು. "ಇನ್ನೂ ಕೇಳ್ತಾ ಹೋದ್ರೆ ನಾಲ್ಕನೇದೂ ಬರಬಹುದು, ವೆಂಕಟರಮಣಯ್ಯನವರೇ. ನಮ್ಮ ಕಟ್ಟಡ ಹೊಸದು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ನಾಳೆ ಕ್ಲಾಸಿನಲ್ಲಿ ನಿನ್ನ ಹೆಸರಿಗೆ ನೀನು ಉತ್ತರ ಕೊಡು. ಯಾವ ಧ್ವನಿಯಾದ್ರೂ ಸರಿ, ನಿನ್ನ ಬಾಯಿಂದ ಬರ್ಲಿ. ಸಂಜೆ ವೆಂಕಟರಮಣಯ್ಯನವರು ಬಂದು ಹೌದು ಅಂದ್ರೆ ಪಟ್ಟಿಗೆ ನಿನ್ನ ಹೆಸರು ಸೇರುತ್ತೆ. ಇಲ್ಲದಿದ್ರೆ ಇಲ್ಲ."

ಆ ರಾತ್ರಿ ಚಿಕ್ಕಪ್ಪ ಓಣಿಗೆಲ್ಲ ಕೇಳುವಂತೆ ವರ್ಣನೆ ಮಾಡಿದ. "ನಮ್ ಹುಡುಗ ಪ್ರಿನ್ಸಿಪಾಲ್ರ ಮುಂದೆ ಗುಡುಗಿದ ನೋಡು!"

"ನೀವೇನ್ ಹೇಳಿದ್ರಿ?" ಎಂದಳು ಚಿಕ್ಕಮ್ಮ, ಕೋಟಿನ ಕಂಕುಳಿಗೆ ಸೂಜಿ ಹಾಕುತ್ತಾ.

"ನಾನ್ ಬಿಲ್ಲೆ ಕೊಟ್ಟೆ."

ಮರುದಿನ ಚರಿತ್ರೆಯ ಪೀರಿಯಡ್. ಗುಡುಗಿದವನ ಧೈರ್ಯವೆಲ್ಲ ರೈಲಿನಲ್ಲೇ ಇಳಿದುಹೋಗಿತ್ತು. ಧೈರ್ಯ ಒಮ್ಮೆ ಬಂದರೆ ಮನೆಯಲ್ಲೇ ಉಳಿಯುತ್ತದೆ ಎಂದು ಪುಸ್ತಕ ಬರೆಯುವವರಿದ್ದಾರೆ. ನನ್ನ ಮನೆಗೆ ಅದು ಬಂದ ದಿನವೇ ಹೊರಡುವ ನೆಂಟರ ಹಾಗೆ ಚೀಲವನ್ನೂ ಕೆಳಗಿಡುವುದಿಲ್ಲ. "ಬೇಕಾದ್ರೆ ನಿನ್ನ ಹಾಗೇ ಸಣ್ಣಗೆ ನಾನೇ ಹೇಳ್ತೀನಿ. ಅವರಿಗೆ ಗೊತ್ತೇ ಆಗಲ್ಲ" ಎಂದು ಖಾದರ್ ಕಿವಿಯಲ್ಲಿ ಹೇಳಿದ. ಅವನು ಆ ಇಲಿಯನ್ನೂ ಅಭ್ಯಾಸ ಮಾಡಿಕೊಂಡು ಬಂದಿದ್ದ. ಒಂದು ಕ್ಷಣ, ಒಂದೇ ಕ್ಷಣ, ನನಗೆ ಆಸೆಯಾಯಿತು. ಬೇಡವೆಂದು ತಲೆಯಾಡಿಸಿದೆ.

"ಅಬ್ದುಲ್ ಖಾದರ್" ಎಂದರು. ಅವನು ಉತ್ತರ ಕೊಟ್ಟ. ಹೆಸರುಗಳು ಇಳಿದು ಬಂದವು. "ರುದ್ರಪ್ಪ."

ವೆಂಕಟರಮಣಯ್ಯನವರು ಅವತ್ತು ಮೊದಲ ಸಲ ರಿಜಿಸ್ಟರಿನಿಂದ ಮೂಗು ಎತ್ತಿದರು. ಎದ್ದು ಬೆಂಚುಗಳ ನಡುವೆ ನಡೆದು ಬಂದು ನಮ್ಮ ಡೆಸ್ಕಿನ ಎದುರಿಗೆ ನಿಂತರು. ಇಷ್ಟು ಹತ್ತಿರದಿಂದ ನಾವಿಬ್ಬರೂ ಒಟ್ಟಿಗೆ ಅವರಿಗೆ ಕಂಡದ್ದು ಅದೇ ಮೊದಲು. ನನ್ನನ್ನು ನೋಡಲಿಲ್ಲ. ಖಾದರನನ್ನು ನೋಡಿದರು. ನೋಡುತ್ತಲೇ ತಮ್ಮ ತೋರುಬೆರಳನ್ನು ತುಟಿಯ ಮೇಲೆ ಇಟ್ಟುಕೊಂಡರು.

ಖಾದರ್ ಕಲ್ಲಾದ. ಅವರಿಗೆ ಗೊತ್ತಿತ್ತು. ಎಂದಿನಿಂದ ಗೊತ್ತಿತ್ತೋ, ನಿನ್ನೆ ಗೊತ್ತಾಯಿತೋ, ಅವರು ಯಾವತ್ತೂ ಹೇಳಲಿಲ್ಲ.

ಬೆರಳನ್ನು ತೆಗೆಯದೆ ನನ್ನ ಕಡೆ ತಿರುಗಿ ಕಾದರು. ಕ್ಲಾಸೆಲ್ಲ ಕಾಯಿತು. ಗಂಟಲಲ್ಲಿ ಏನೋ ಹತ್ತಿತು, ಅರ್ಧಕ್ಕೆ ನಿಂತಿತು. ಅವರು ಇನ್ನೂ ಕಾದರು. ಯಾರೂ ನನಗಾಗಿ ಅಷ್ಟು ಹೊತ್ತು ಕಾದಿರಲಿಲ್ಲ. ಪಾಪ, ನಾನೇ ಎಲ್ಲರಿಗೂ ಅವಸರದಲ್ಲಿ ಜಾಗ ಬಿಟ್ಟುಕೊಟ್ಟವನು.

"ಪ್ರೆಸೆಂಟ್ ಸಾರ್" ಎಂದೆ. ಸಿಂಹವೂ ಅಲ್ಲ, ಗುಡುಗೂ ಅಲ್ಲ. ಅದೇ ಕೀಲಿನ ಕಿರುಗುಟ್ಟುವಿಕೆ.

"ಹ್ಞೂಂ" ಎಂದರು. ಬೆರಳು ತೆಗೆದರು. ಮೇಜಿಗೆ ವಾಪಸು ಹೋಗಿ ಗುರುತು ಹಾಕಿ ಮುಂದಿನ ಹೆಸರು ಕರೆದರು.

ನಾನು ಬೆವರು ಒರೆಸಿಕೊಂಡು, ಮೆಚ್ಚುಗೆಯ ಮಾತಿಗಾಗಿ ಖಾದರನ ಕಡೆ ನೋಡಿದೆ. ಅವನು ಗಿರಾಕಿಯ ಮನಸ್ಸು ನೋಯಿಸದ ಅಂಗಡಿಯವನ ಧ್ವನಿಯಲ್ಲಿ ಪಿಸುಗುಟ್ಟಿದ:

"ಪರವಾಗಿಲ್ಲ ಮಾರಾಯ. ಆದ್ರೆ ನಿಜ ಹೇಳ್ಲಾ? ರುದ್ರಪ್ಪನ್ನ ನಾನೇ ಚೆನ್ನಾಗಿ ಹೇಳ್ತಿದ್ದೆ."